ಮಾಳಿಗೆಗೆ ಸವಳು, ಮಡಿಗೆ ಸವಳು

ರೋಹಿಣಿ ಮಳೆ ಹಿಡಿಯುವುದರೊಳಗೆ ಮಾಳಿಗೆಗೆ ಸವಳು ಏರಿಸಬೇಕು. ಏರಿಸದ ಮನೆಯವರು ಮೃಗಶಿರದ ಹೊತ್ತಿಗೆ ಅಡುಗೆಮನೆಯ ಕೊಡ, ಗಡಿಗೆ, ಬೋಗುಣಿಗಳನ್ನೆಲ್ಲ ಪಡಸಾಲೆಗೆ ತಂದು, ಸೋರುವ ಕಡೆಗೊಂದರಂತೆ ಇಟ್ಟು, ತುಂಬಿದ್ದನ್ನು ಚೆಲ್ಲುತ್ತ ರಾತ್ರಿ ಕಳೆಯುತ್ತಿದ್ದರು. ನೇಸರಗಿ, ಬೈಲಹೊಂಗಲ, ಸವದತ್ತಿ, ರಾಮದುರ್ಗದ ಸೀಮೆಯಲ್ಲಿ ಹಳೆಯ ಮನೆ ಎಂದರೆ ಮಣ್ಣಿನ ಮಾಳಿಗೆಯ ಮನೆ. ತೊಲೆ, ಅದರ ಮೇಲೆ ಜಂತಿ, ಜಂತಿಯ ಮೇಲೆ ಬೇವಿನ ಸೊಪ್ಪು, ಸೊಪ್ಪಿನ ಮೇಲೆ ಗೇಣುಗಟ್ಟಲೆ ಮಣ್ಣಿನ ಮೇಲ್ಮುದ್ದೆ. ಆ ಮುದ್ದೆಗೆ ಕೊನೆಯ ಪದರ ಸವಳು. ಅದನ್ನು ತೆಳುವಾಗಿ ಹರವಿ, ನೀರು ಚಿಮುಕಿಸಿ, ಕೊಡತಿಯಿಂದ ಬಡಿದು, ಹರನಾಳಿಗೆಯ ಕಡೆಗೆ ಒಂದಿಷ್ಟು ಇಳಿಜಾರು ಬಿಟ್ಟರೆ ಮುಗಿಯಿತು. ಅದರ ಮೇಲೆ ಹುಲ್ಲು ಹುಟ್ಟುವುದಿಲ್ಲ, ಇರುವೆ ಗೂಡು ಕಟ್ಟುವುದಿಲ್ಲ, ಮಳೆ ಒಳಗೆ ಇಳಿಯುವುದಿಲ್ಲ.

"ಸವಳ ಹಾಕಿದ್ರ ಮಳೀ ಜಾರಿ ಹೊಕ್ಕೈತಿ, ಇಳಿಯಂಗಿಲ್ಲ," ಎನ್ನುತ್ತಿದ್ದಳು ನಮ್ಮಾಯಿ. ಅದು ಯಾಕೆ ಹಾಗೆ ಎಂದು ಕೇಳಿದರೆ, "ಅದರ ಗುಣಾನ ಹಂಗ" ಎಂದು ಮುಗಿಸುತ್ತಿದ್ದಳು. ಕೃಷಿ ಓದಿದವರು ಇದನ್ನೇ ಬೇರೆ ಮಾತಿನಲ್ಲಿ ಹೇಳುತ್ತಾರೆ. ಒಳ್ಳೆಯ ಜಿಗುಟು ಮಣ್ಣಿನಲ್ಲಿ ಸುಣ್ಣದ ಅಂಶ ಕಣಗಳನ್ನು ಗುಂಪು ಕೂಡಿಸಿ ಹಿಡಿದಿರುತ್ತದೆ. ಗುಂಪುಗಳ ನಡುವಿನ ಸಂದಿಯಲ್ಲಿ ನೀರು, ಗಾಳಿ ಓಡಾಡುತ್ತವೆ. ಸುಣ್ಣದ ಜಾಗದಲ್ಲಿ ಸೋಡಿಯಂ ಬಂದು ಕೂತರೆ ಆ ಗುಂಪುಗಳು ಒಡೆದು ಕಣಗಳು ಚೆದುರುತ್ತವೆ. ಮಳೆಯ ನೀರು ಬಿದ್ದ ಕೂಡಲೇ ಉಬ್ಬಿ ಸಂದಿಗಳನ್ನೆಲ್ಲ ಮುಚ್ಚಿಬಿಡುತ್ತವೆ. ಹೊಲದಲ್ಲಿ ಬೆಳೆಯನ್ನು ಕೊಲ್ಲುವುದು ಈ ಗುಣವೇ, ಮಾಳಿಗೆಯ ಮೇಲೆ ಮನೆಯನ್ನು ಕಾಯುವುದೂ ಈ ಗುಣವೇ. ಹೊಲಕ್ಕೆ ಬೇಡವಾದ ಮಣ್ಣನ್ನು ತಲೆಯ ಮೇಲೆ ಹಾಕಿಕೊಂಡು ಬದುಕಿದ ಜನ ನಾವು.

ಆದರೆ ಯಾವುದೋ ಒಂದು ಉಪ್ಪು ಮಣ್ಣು ತಂದು ಹಾಕಿದರೆ ನಡೆಯುತ್ತಿರಲಿಲ್ಲ. ಬೇಸಿಗೆಯ ಬೆಳಗಿನಲ್ಲಿ ತಗ್ಗಿನ ನೆಲದ ಮೇಲೆ ಹಿಟ್ಟು ಉದುರಿಸಿದ ಹಾಗೆ ಬೆಳ್ಳಗೆ ಕಾಣುವುದು ಒಂದು ಬಗೆ. ಕಾಲಿಟ್ಟರೆ ಮೆತ್ತಗೆ ಕುಸಿಯುತ್ತದೆ, ನಾಲಗೆಗೆ ಮುಟ್ಟಿಸಿದರೆ ಉಪ್ಪು ಎಂದು ತಕ್ಷಣ ತಿಳಿಯುತ್ತದೆ. ಇನ್ನೊಂದು ಬಗೆ ಬೂದು ಬಣ್ಣದ್ದು, ಕೆಲವು ಕಡೆ ಕಪ್ಪಗೆ ಎಣ್ಣೆ ಸವರಿದಂತೆ ಮಿರುಗುವಂಥದ್ದು. ಒಣಗಿದಾಗ ಗುದ್ದಲಿ ಎಗರಿಸುವಷ್ಟು ಗಟ್ಟಿ, ನೆನೆದಾಗ ಕಾಲಿಗೆ ಮೆತ್ತಿ ಬಿಡದಷ್ಟು ಜಾರು. ಇದನ್ನು ಕರ್ಲು ಎನ್ನುವವರಿದ್ದರು. ಮಾಳಿಗೆಗೆ ಬೇಕಾದದ್ದು ಈ ಎರಡನೆಯದು. ಮೊದಲನೆಯದನ್ನು ಹಾಕಿದರೆ ಉಪ್ಪು ಕರಗಿ ಹರಿದುಹೋಗಿ, ಎರಡು ಮಳೆಗೆ ಬರೀ ಮಣ್ಣು ಉಳಿಯುತ್ತದೆ. ಇವತ್ತು ಪ್ರಯೋಗಾಲಯದಲ್ಲಿ ವಿದ್ಯುದ್ವಾಹಕತೆ 4 ದಾಟಿದರೆ ಸವಳು, ರಸಸಾರ 8.5 ದಾಟಿದರೆ ಕ್ಷಾರ ಎಂದು ಬೇರೆ ಮಾಡುತ್ತಾರಲ್ಲ, ಆ ಗೆರೆಯನ್ನೇ ನಮ್ಮ ಹಿರಿಯರು ಬೆರಳು, ನಾಲಗೆ, ಹಿಮ್ಮಡಿಯಿಂದ ಎಳೆಯುತ್ತಿದ್ದರು.

ಬೆಳ್ಳಗಿನ ಬಗೆಗೂ ಗಿರಾಕಿಗಳಿದ್ದರು. ಅಗಸರು ಬೆಳಗಿನ ಇಬ್ಬನಿ ಆರುವ ಮೊದಲೇ ಹೋಗಿ ಮೇಲಿನ ಹೂವನ್ನಷ್ಟೇ ಕೆರೆದು ಕತ್ತೆಯ ಮೇಲೆ ಹೇರಿಕೊಂಡು ಬರುತ್ತಿದ್ದರು. ಅರಿವೆಗೆ ಅದನ್ನು ಕಲಸಿ, ಹಂಡೆಯ ಮೇಲೆ ಉಬ್ಬೆ ಹಾಕಿ, ರಾತ್ರಿಯೆಲ್ಲ ಆವಿಯಲ್ಲಿ ಬೇಯಿಸಿದರೆ ಬೆಳಿಗ್ಗೆ ಹಳ್ಳದ ಬಂಡೆಗೆ ನಾಲ್ಕು ಏಟು ಹಾಕಿದರೂ ಮಡಿಯಾಗುತ್ತಿತ್ತು. ಹತ್ತಿಯ ಧೋತರಕ್ಕೆ ಬರುತ್ತಿದ್ದ ಆ ಬಿಳುಪು ಈಗಿನ ಪುಡಿಗಳಿಂದ ಬರುವುದಿಲ್ಲ ಎಂದು ನಾನು ಹೇಳಿದರೆ ಮನೆಯ ಮಕ್ಕಳು ನಗುತ್ತಾರೆ. ನಗಲಿ. ದನಗಳೂ ಮೇಯಲು ಹೋದಾಗ ಆ ನೆಲವನ್ನು ನೆಕ್ಕಿಯೇ ಮುಂದೆ ಹೋಗುತ್ತಿದ್ದವು. ಯಾವ ದನಗಾಹಿಯೂ ಹೊಡೆದು ಎಬ್ಬಿಸುತ್ತಿರಲಿಲ್ಲ.

ಬಾವಿಗಳ ಲೆಕ್ಕವೂ ಹಾಗೆಯೇ ಇತ್ತು. ಒಂದೇ ಊರಿನಲ್ಲಿ, ಕೂಗಿದರೆ ಕೇಳುವಷ್ಟು ದೂರದಲ್ಲಿ, ಒಂದು ಬಾವಿ ಸಿಹಿ, ಇನ್ನೊಂದು ಸವಳು. ಸಿಹಿನೀರಿನ ಬಾವಿಗೆ ಹೆಣ್ಣುಮಕ್ಕಳ ಸಾಲು, ಸವಳ ಬಾವಿಗೆ ಎಮ್ಮೆಗಳ ಸಾಲು. ಸವಳ ನೀರಿನಲ್ಲಿ ತೊಗರಿಬೇಳೆ ಬೇಯುವುದಿಲ್ಲ. ಎಷ್ಟು ಕಟ್ಟಿಗೆ ಉರಿಸಿದರೂ ಕಾಳು ಕಾಳಾಗಿಯೇ ಉಳಿಯುತ್ತದೆ. ಚಹಾ ಒಡೆಯುತ್ತದೆ. ಸಾಬೂನು ನೊರೆ ಕೊಡದೆ ಮೈಗೆ ಜಿಡ್ಡಾಗಿ ಅಂಟುತ್ತದೆ. ಹೊಸದಾಗಿ ನಡೆಯಲು ಬಂದ ಸೊಸೆಗೆ ಅತ್ತೆ ಮೊದಲು ಕಲಿಸುತ್ತಿದ್ದ ಪಾಠ ಇದೇ: ಕುಡಿಯುವುದಕ್ಕೆ ಯಾವುದು, ಅಡುಗೆಗೆ ಯಾವುದು, ಬಳಸುವುದಕ್ಕೆ ಯಾವುದು. ಪಾಠ ಒಂದೇ ದಿನದಲ್ಲಿ ಮುಗಿಯುತ್ತಲೂ ಇರಲಿಲ್ಲ. ಮಳೆಗಾಲದಲ್ಲಿ ಸಿಹಿಯಾಗಿದ್ದ ಬಾವಿ ಯುಗಾದಿಯ ಹೊತ್ತಿಗೆ ಒಗರಾಗುತ್ತಿತ್ತು; ಆಗ ಇನ್ನೊಂದು ಬಾವಿಗೆ ದಾರಿ ಬದಲಿಸಬೇಕು. ಕೆಳಗಿನ ನವಲಗುಂದದ ಎರೆ ಸೀಮೆಯಲ್ಲಂತೂ ನೆಲದ ನೀರನ್ನು ನಂಬುವಂತಿರಲಿಲ್ಲ. ಅಲ್ಲಿನ ಜನ ಕುಡಿಯಲು ನೀಲಮ್ಮನ ಕೆರೆಯಂಥ ಮಳೆನೀರಿನ ಕೆರೆಗಳನ್ನು ಕಟ್ಟಿಕೊಂಡು, ಕಾಲು ತೊಳೆಯಲೂ ಬಿಡದೆ ಕಾಯ್ದುಕೊಂಡಿದ್ದರು.

ಇಷ್ಟು ಉಪ್ಪು ಇಲ್ಲಿಗೆ ಬಂದದ್ದಾದರೂ ಎಲ್ಲಿಂದ? ಸಮುದ್ರ ಸಹ್ಯಾದ್ರಿಯ ಆಚೆ ಇದೆ. ಉಪ್ಪು ಕಲ್ಲಿನಲ್ಲೇ ಇತ್ತು. ಕಲ್ಲು ಕರಗಿ ಎರೆಯಾಗುವಾಗ ಅದರೊಳಗಿನ ಲವಣಗಳೂ ಬಿಡುಗಡೆಯಾಗುತ್ತವೆ. ಮಳೆ ಚೆನ್ನಾಗಿ ಬೀಳುವ ಖಾನಾಪುರದ ಕಾಡಿನಲ್ಲಿ ಅವು ತೊಳೆದು ಹೊಳೆ ಸೇರಿಬಿಡುತ್ತವೆ. ವರ್ಷಕ್ಕೆ ಐದಾರು ನೂರು ಮಿಲಿಮೀಟರ್ ಬೀಳುವ ಸವದತ್ತಿ, ರಾಮದುರ್ಗದ ಕಡೆ ತೊಳೆಯುವಷ್ಟು ನೀರಿಲ್ಲ. ಉಪ್ಪು ಎರೆಯ ಆಳದಲ್ಲಿ ಮಲಗಿರುತ್ತದೆ, ತಗ್ಗು ಇದ್ದಲ್ಲಿ ಮಾತ್ರ ಮೇಲೆ ಬಂದು ಮುಖ ತೋರಿಸುತ್ತದೆ. ರಾಜಸ್ಥಾನದ ಸಾಂಭರ್ ಸರೋವರದಲ್ಲಿ ನಡೆಯುವುದೂ ಇದೇ ವ್ಯವಹಾರ, ದೊಡ್ಡ ಪ್ರಮಾಣದಲ್ಲಿ. ಸುತ್ತಲಿನ ನೀರು ಹರಿದು ಬರುತ್ತದೆ, ಹೊರಗೆ ಹೋಗಲು ದಾರಿ ಇಲ್ಲ, ಬಿಸಿಲು ನೀರನ್ನು ಒಯ್ಯುತ್ತದೆ, ಉಪ್ಪನ್ನು ಬಿಡುತ್ತದೆ. ನಮ್ಮಲ್ಲಿ ಮಲಪ್ರಭೆ ಇದ್ದಳು. ಹೊರದಾರಿ ಇದ್ದದ್ದರಿಂದ ನಮಗೆ ಉಪ್ಪಿನ ಸರೋವರ ಆಗಲಿಲ್ಲ. ಚಾಪೆಯಗಲದ, ಹೊಲದಗಲದ ಸವಳು ತಾಣಗಳಷ್ಟೇ ಆದವು.

ಆ ತಾಣಗಳನ್ನೇ ನಂಬಿ ಬದುಕಿದ ಒಂದು ಸಮುದಾಯವಿತ್ತು. ಉಪ್ಪಾರರು ಈಗ ಮನೆ ಕಟ್ಟುತ್ತಾರೆ, ಒಡ್ಡು ಹಾಕುತ್ತಾರೆ, ಗುತ್ತಿಗೆ ಹಿಡಿಯುತ್ತಾರೆ. ಅವರ ಹಿರಿಯರ ಕಸುಬು ಮಣ್ಣಿನಿಂದ ಉಪ್ಪು ತೆಗೆಯುವುದು. ಸವಳು ಮಣ್ಣನ್ನು ಕೆರೆದು ತಂದು, ಎತ್ತರದ ಕಟ್ಟೆಯ ಮೇಲೆ ಹುಲ್ಲು ಹಾಸಿದ ತೊಟ್ಟಿಗೆ ತುಂಬಿ, ಮೇಲಿಂದ ನೀರು ಸುರಿಯುತ್ತಿದ್ದರು. ಅಡಿಯಿಂದ ಹನಿಹನಿಯಾಗಿ ಬಸಿಯುವ ಉಪ್ಪುನೀರನ್ನು ಗುಂಡಿಯಲ್ಲಿ ಹಿಡಿದು, ಗಾರೆ ಹಾಕಿದ ಆಳವಿಲ್ಲದ ಪಾತಿಗಳಲ್ಲಿ ಬಿಸಿಲಿಗೆ ಬಿಡುತ್ತಿದ್ದರು. ಕೆಲವು ದಿನಕ್ಕೆ ಹರಳು ಕಟ್ಟುತ್ತಿತ್ತು. ಸಮುದ್ರದ ಉಪ್ಪಿನಷ್ಟು ಬೆಳ್ಳಗಿರದ, ಒಂದಿಷ್ಟು ಕಹಿ ಉಳಿದ ಉಪ್ಪು. ಬಡವರ ಗಡಿಗೆಗೆ ಅದೇ ಸಾಕಾಗಿತ್ತು. ಮಣ್ಣಿನಲ್ಲಿ ಯಾವಾಗ ಉಪ್ಪು ಹೂಬಿಡುತ್ತದೆ, ಯಾವ ತಿಂಗಳು ಕೆರೆದರೆ ಕಹಿ ಕಡಿಮೆ, ಯಾವ ನೆಲ ಎಷ್ಟು ವರ್ಷಕ್ಕೆ ಸೋಲುತ್ತದೆ ಎನ್ನುವುದೆಲ್ಲ ಆ ಮನೆಗಳೊಳಗಿನ ವಿದ್ಯೆ.

ಅದನ್ನು ಕೊಂದದ್ದು ಬರವೂ ಅಲ್ಲ, ಯಂತ್ರವೂ ಅಲ್ಲ; ಕಾಯಿದೆ. ಬ್ರಿಟಿಷರಿಗೆ ಉಪ್ಪು ಎಂದರೆ ಬೊಕ್ಕಸ. 1882ರ ಉಪ್ಪಿನ ಕಾಯಿದೆ ತಯಾರಿಕೆಯನ್ನೆಲ್ಲ ಸರ್ಕಾರದ ಮುಷ್ಟಿಗೆ ತಂದಿತು, ಮುಂಬೈ ಪ್ರಾಂತಕ್ಕೆಂದೇ 1890ರಲ್ಲಿ ಇನ್ನೊಂದು ಕಾಯಿದೆ ಬಂತು. 1888ರಲ್ಲಿ ಮಣ ಉಪ್ಪಿನ ಮೇಲಿನ ತೆರಿಗೆ ಎರಡೂವರೆ ರೂಪಾಯಿಗೆ ಏರಿತು. ಕರಾವಳಿಯ ದೊಡ್ಡ ಆಗರಕ್ಕೆ ಕಾವಲು ಹಾಕಿ ತೆರಿಗೆ ಎತ್ತಬಹುದು. ಹಳ್ಳದ ದಂಡೆಯಲ್ಲಿ ಎರಡು ತೊಟ್ಟಿ ಇಟ್ಟುಕೊಂಡವನಿಂದ ಎತ್ತುವುದು ಹೇಗೆ? ಅದಕ್ಕಿಂತ ಅವನ ತೊಟ್ಟಿಯನ್ನೇ ಒಡೆಸುವುದು ಸುಲಭ. ಅಷ್ಟರಲ್ಲಿ ಬೆಳಗಾವಿಗೆ ರೈಲೂ ಬಂತು. ಅದಕ್ಕೆ ಮೊದಲು ವೆಂಗುರ್ಲೆಯಿಂದ ಘಟ್ಟ ಹತ್ತಿ ಎತ್ತಿನ ಬೆನ್ನ ಮೇಲೆ ಬರುತ್ತಿದ್ದ ಕಡಲುಪ್ಪು ಇನ್ನು ಡಬ್ಬಿಗಟ್ಟಲೆ ಬರತೊಡಗಿತು. ಉಪ್ಪಾರರು ಗುದ್ದಲಿ ಹಿಡಿದು ಮಣ್ಣಿನ ಬೇರೆ ಕೆಲಸಕ್ಕೆ ಇಳಿದರು.

1930ರ ಏಪ್ರಿಲ್‌ನಲ್ಲಿ ಅಂಕೋಲೆಯ ಕಡಲ ದಂಡೆಯಲ್ಲಿ ಎಂ.ಪಿ. ನಾಡಕರ್ಣಿಯವರು ಉಪ್ಪು ತೆಗೆದು ಕಾಯಿದೆ ಮುರಿದರು. ಬೆಳಗಾವಿ ಸೀಮೆಯವರೇ ಆದ ಗಂಗಾಧರರಾವ್ ದೇಶಪಾಂಡೆಯವರು ಆ ಚಳವಳಿಯ ಮುಂದಾಳುಗಳಲ್ಲಿ ಒಬ್ಬರು. ನೇಸರಗಿಯಿಂದ ಬಹಳ ದೂರವಲ್ಲದ ಅವರ ಹುದಲಿಗೆ 1937ರಲ್ಲಿ ಗಾಂಧೀಜಿ ಬಂದು ತಂಗಿದ್ದರು. ಖಾದಿ ಅಲ್ಲಿ ಬೇರು ಬಿಟ್ಟಿತು, ಇವತ್ತಿಗೂ ಹುದಲಿ ಖಾದಿಗೆ ಹೆಸರಿದೆ. ಉಪ್ಪು ಮಾತ್ರ ಮರಳಲಿಲ್ಲ. 1931ರ ಗಾಂಧಿ–ಇರ್ವಿನ್ ಒಪ್ಪಂದ ಉಪ್ಪು ಸಿಗುವ ಊರಿನವರು ಮನೆಖರ್ಚಿಗೆ ಮಾಡಿಕೊಳ್ಳಬಹುದು ಎಂದು ಒಪ್ಪಿತು, ಸ್ವಾತಂತ್ರ್ಯದ ಹೊಸ್ತಿಲಲ್ಲಿ ತೆರಿಗೆಯೇ ಹೋಯಿತು. ಅಷ್ಟರೊಳಗೆ ತೊಟ್ಟಿ ಕಟ್ಟಲು ಬಲ್ಲವರು ಮುದುಕರಾಗಿದ್ದರು. ಕಿತ್ತೂರಿನ ಚೆನ್ನಮ್ಮ, ಸಂಗೊಳ್ಳಿಯ ರಾಯಣ್ಣ ಎಂದರೆ ಎದೆ ಸೆಟೆಸುವ ನಾವು, ನಮ್ಮ ಹಳ್ಳದ ದಂಡೆಯ ಈ ಸೋಲನ್ನು ಸೋಲೆಂದು ಎಣಿಸಿಯೇ ಇಲ್ಲ.

ಮುಂದಿನ ಕತೆ ನೀರಿನದು. ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆ ಎಂ.ಕೆ. ಹುಬ್ಬಳ್ಳಿಯ ಗಂಗಾಂಬಿಕೆಯ ಐಕ್ಯಸ್ಥಳವನ್ನು ಬಳಸಿ ಬಯಲಿಗೆ ಬಂದು, ಸವದತ್ತಿಯ ಹತ್ತಿರ ಗುಡ್ಡಕ್ಕೆ ಅಡ್ಡ ಸಿಕ್ಕಿ ನಿಂತಳಂತೆ. ಗುಡ್ಡದ ಮೇಲಿನ ನವಿಲು ಬಾ ಎಂದು ಕರೆಯಿತಂತೆ, ಹೊಳೆ ಬಂಡೆ ಸೀಳಿಕೊಂಡು ದಾಟಿತಂತೆ. ನವಿಲುತೀರ್ಥದ ಆ ಇಕ್ಕಟ್ಟಿನಲ್ಲಿ ನಿಂತು ಎರಡೂ ಕಡೆಯ ಬಂಡೆ ನೋಡಿದವರಿಗೆ ಕತೆ ಅತಿಯಾಯಿತು ಎನ್ನಿಸುವುದಿಲ್ಲ. ಅಲ್ಲೇ ಮೇಲೆ ಎಲ್ಲಮ್ಮನ ಗುಡ್ಡ. ರೇಣುಕೆ ದಿನವೂ ಈ ಹೊಳೆಯ ಮಳಲಿನಿಂದಲೇ ಕೊಡ ಮಾಡಿ, ಹಾವಿನ ಸಿಂಬಿಯ ಮೇಲಿಟ್ಟು ನೀರು ತರುತ್ತಿದ್ದಳು ಎಂದು ನಂಬಿದ ಜನ ನಾವು. ಬೇಸಿಗೆಯಲ್ಲಿ ಹೊಳೆ ಬತ್ತಿದಾಗ ಆ ಮಳಲಿನಲ್ಲಿ ಮೊಣಕಾಲುದ್ದ ತೋಡಿದರೆ ಒರತೆ ಏಳುತ್ತಿತ್ತು. ಅದರಷ್ಟು ಸಿಹಿಯಾದ ನೀರು ಈ ಸೀಮೆಯ ಯಾವ ಬಾವಿಯಲ್ಲೂ ಇರಲಿಲ್ಲ. ಮಳಲ ಪಾತಿಯಲ್ಲಿ ಕಲ್ಲಂಗಡಿ, ಸವತೆ ಬೆಳೆಯುತ್ತಿದ್ದರು.

1970ರ ದಶಕದ ಮೊದಲಲ್ಲಿ ಆ ಇಕ್ಕಟ್ಟಿಗೆ ಅಣೆಕಟ್ಟು ಬಿತ್ತು. ಹಿಂದೆ ನಿಂತ ನೀರಿಗೆ ರೇಣುಕಾಸಾಗರ ಎಂದು ಹೆಸರಿಟ್ಟರು; 37.73 ಟಿಎಂಸಿ ಅಡಿ ಹಿಡಿಯುವ ಸಾಗರ. ಕಾಲುವೆಗಳು ಸವದತ್ತಿ, ರಾಮದುರ್ಗ, ನವಲಗುಂದ, ನರಗುಂದ, ರೋಣದ ಕಡೆ ಹೊರಟವು. ಎರಡು ಲಕ್ಷ ಹೆಕ್ಟೇರಿಗೂ ಮಿಕ್ಕಿ ನೀರು ಕೊಡುವ ಲೆಕ್ಕ. ನಮ್ಮ ನೇಸರಗಿಗೆ ಆ ಕಾಲುವೆಯ ಭಾಗ್ಯ ಇರಲಿಲ್ಲ, ಹೊಟ್ಟೆಕಿಚ್ಚಿತ್ತು. ಕೆಳಗಿನ ಬೀಗರು ಹಬ್ಬಕ್ಕೆ ಬಂದರೆ ಮಾತೆಲ್ಲ ನೀರಿನದೇ. ಧಾರವಾಡದಲ್ಲಿ ಡಾ. ಬಿ.ಎಚ್. ಕಾತರಕಿಯವರು 1972ರಲ್ಲಿ ಬಿಡುಗಡೆ ಮಾಡಿದ ವರಲಕ್ಷ್ಮಿ ಹತ್ತಿ ಆ ನೀರಿಗೆಂದೇ ಬಂದಂತಿತ್ತು. ಜಯಧರ ಹತ್ತಿ ಬಿತ್ತಿ ಮುಗಿಲು ನೋಡುತ್ತ ಕೂತಿದ್ದವರು ಟ್ರ್ಯಾಕ್ಟರ್ ಸಾಲಕ್ಕೆ ಸಹಿ ಹಾಕಿದರು.

ಮೊದಲು ಸುಳಿವು ಕೊಟ್ಟದ್ದು ಹೊಲವಲ್ಲ, ಹಗೇವು. ಎರೆ ಸೀಮೆಯಲ್ಲಿ ಜೋಳವನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿಡುವುದು ರೂಢಿ. ಕಿರಿದಾದ ಬಾಯಿ, ಒಳಗೆ ಅಗಲ ಹೊಟ್ಟೆ; ಸುತ್ತ ಹೊಟ್ಟು, ಹುಲ್ಲು ಒತ್ತಿ ಕಾಳು ಸುರಿದು, ಬಾಯಿಗೆ ಕಲ್ಲು ಹಾಕಿ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ಬರದ ವರ್ಷ ಊರನ್ನು ಕಾಯ್ದದ್ದು ಅದೇ. ಕಾಲುವೆ ಹರಿದ ಕೆಲವು ವರ್ಷಕ್ಕೆ ಹಗೇವು ತೆಗೆದವರಿಗೆ ಅಡಿಯ ಕಾಳು ಕಪ್ಪಾಗಿ, ಮುಗ್ಗಿ, ಬಿಸಿ ಉಗುಳುತ್ತ ಸಿಕ್ಕಿತು. ಕೆಳಗಿಂದ ತೇವ ಏರುತ್ತಿತ್ತು. ಇನ್ನಷ್ಟು ವರ್ಷಕ್ಕೆ ಹಗೇವಿನಲ್ಲಿ ನೀರೇ ನಿಂತಿತು. ಬೀಗರ ಮನೆಯ ಹಗೇವನ್ನು ಮುಚ್ಚಿಸಿದ ದಿನ ಅಲ್ಲಿನ ಮುತ್ತ್ಯಾ ಆಡಿದ ಮಾತು ನೆನಪಿದೆ: "ನೀರು ಮ್ಯಾಲಿಂದ ಬರ್ತೈತಿ ಅಂತ ಕುಣದ್ವಿ, ಕೆಳಗಿಂದ ಬರಾಕತ್ತೇತ್ಯೋ ತಮ್ಮಾ."

ನೀರು ಒಂದೇ ಬರಲಿಲ್ಲ, ಆಳದಲ್ಲಿ ಮಲಗಿದ್ದ ಉಪ್ಪನ್ನೂ ಎಬ್ಬಿಸಿಕೊಂಡು ಬಂತು. ಎರೆ ನೀರನ್ನು ಕುಡಿಯುತ್ತದೆ, ಬಿಟ್ಟುಕೊಡುವುದಿಲ್ಲ. ಹಗುರ ನೀರಾವರಿಯ ಬೆಳೆಗೆಂದು ಹಾಕಿದ ಯೋಜನೆಯಲ್ಲಿ ಕಾಲುವೆಯ ತಲೆಯ ಕಡೆಯವರು ಕಬ್ಬು, ಭತ್ತಕ್ಕೆ ಕೈ ಹಾಕಿದರು. ಬಾಲದ ಕಡೆಯವರು ಬರಿ ಕಾಲುವೆ ನೋಡುತ್ತ ಕೂತರು. ಕಾಲುವೆ ಅಗೆದಷ್ಟು ಶ್ರದ್ಧೆಯಿಂದ ಬಸಿಗಾಲುವೆ ಯಾರೂ ಅಗೆಯಲಿಲ್ಲ. ಮೊದಲು ಸತ್ತದ್ದು ಕಡಲೆ. ಉಪ್ಪಿನ ವಾಸನೆ ಬಡಿದರೂ ತಾಳದ ಸೂಕ್ಷ್ಮ ಬೆಳೆ ಅದು. ಎಲೆಯಂಚು ಸುಟ್ಟು, ಗಿಡ ಗೇಣು ಮೀರದೆ ನಿಂತಿತು. ಆಮೇಲೆ ಹೆಸರು, ತೊಗರಿ. ಜೋಳ ಕೆಲವು ಕಾಲ ತಾಳಿತು. ಕುಸುಬಿ, ಹತ್ತಿ ಇನ್ನೂ ಕೆಲವು ಕಾಲ. ಕೊನೆಗೆ ಕರಿಕೆ ಮತ್ತು ಬಳ್ಳಾರಿ ಜಾಲಿ. ಹೊಲದ ನಡುವೆ ಚಾಪೆಯಗಲ ಇದ್ದ ಬಿಳಿ, ಎಕರೆಗಟ್ಟಲೆ ಹರಡಿತು. ಇಲಾಖೆಯ ಕಾಗದದಲ್ಲಿ ಸವಳು–ಜವಳು ಎಂಬ ಜೋಡಿ ಹೆಸರು ಬಂತು.

ಇಷ್ಟಾದ ಮೇಲೂ ಅಭಿವೃದ್ಧಿ ಕರ ಕಟ್ಟಬೇಕು, ನೀರಿನ ಕರ ಕಟ್ಟಬೇಕು. ನೀರು ಮುಟ್ಟದ ಹೊಲಕ್ಕೂ ಕರ, ನೀರು ಮುಳುಗಿಸಿದ ಹೊಲಕ್ಕೂ ಕರ. ಹತ್ತಿಯ ಬೆಲೆ ಬಿದ್ದುಹೋಗಿತ್ತು. ರೈತರು ಬಂಡೆದ್ದರು. 1980ರ ಜುಲೈ 21ರಂದು ನರಗುಂದ, ನವಲಗುಂದದಲ್ಲಿ ಗೋಲಿಬಾರಾಯಿತು. ಚಿಕ್ಕನರಗುಂದದ ವೀರಪ್ಪ ಕಡ್ಲಿಕೊಪ್ಪ, ಅಳಗವಾಡಿಯ ಬಸಪ್ಪ ಲಕ್ಕುಂಡಿ ಎಂಬ ರೈತರು ಸತ್ತರು. ರೈತ ಸಂಘ ಹುಟ್ಟಿದ್ದು, ಸರ್ಕಾರ ಅಲುಗಾಡಿದ್ದು ಎಲ್ಲ ಆ ಬಂಡಾಯದ ಬೆನ್ನಿಗೆ. ಅದನ್ನು ಬೆಲೆ ಮತ್ತು ಕರದ ಬಂಡಾಯವೆಂದು ಬರೆದಿದ್ದಾರೆ, ಸರಿಯೇ. ಅದರ ಕಾಲಡಿಯ ನೆಲದಲ್ಲಿ ಉಪ್ಪೂ ಇತ್ತು ಎಂಬುದನ್ನು ಒತ್ತಿ ಹೇಳಿದವರು ಕಡಿಮೆ.

ಹೊರಗಿನ ಲೋಕದಲ್ಲಿ ಈ ಕತೆ ಇನ್ನೂ ದೊಡ್ಡದಾಗಿ ನಡೆದಿದೆ. ಅಮೆರಿಕದ ಕ್ಯಾಲಿಫೋರ್ನಿಯದ ಮರುಭೂಮಿಯಲ್ಲಿ 1905ರಲ್ಲಿ ಕೊಲೊರಾಡೊ ನದಿ ನೀರಾವರಿ ಕಾಲುವೆಯನ್ನು ಒಡೆದುಕೊಂಡು ತಗ್ಗಿಗೆ ನುಗ್ಗಿತು. 1907ರಲ್ಲಿ ಅದನ್ನು ತಡೆಯುವ ಹೊತ್ತಿಗೆ ಸಾಲ್ಟನ್ ಎಂಬ ಸರೋವರವೇ ಹುಟ್ಟಿತ್ತು. ಹೊರದಾರಿ ಇಲ್ಲ, ಹೊಲಗಳಿಂದ ಬಸಿದ ಉಪ್ಪುನೀರೇ ಅದರ ಆಹಾರ. ಇಂದು ಅದು ಕಡಲಿಗಿಂತ ಉಪ್ಪು. ಮಧ್ಯ ಏಷ್ಯಾದ ಅರಾಲ್ ಸಮುದ್ರಕ್ಕೆ ಬರುತ್ತಿದ್ದ ಎರಡು ನದಿಗಳನ್ನು 1960ರ ನಂತರ ಹತ್ತಿಯ ಹೊಲಗಳಿಗೆ ತಿರುಗಿಸಿದರು. ಸಮುದ್ರ ಬತ್ತಿತು, ತಳದ ಉಪ್ಪು ಗಾಳಿಯಲ್ಲಿ ಎದ್ದು ಮತ್ತೆ ಹೊಲಗಳ ಮೇಲೇ ಬಿತ್ತು. ಅಲ್ಲಿಯೂ ಹತ್ತಿಯೇ, ಇಲ್ಲಿಯೂ ಹತ್ತಿಯೇ.

ಮೊನ್ನೆ ಸವದತ್ತಿ ಕಡೆಯ ಬೀಗರ ಮನೆಯಲ್ಲಿ ಹಿರಿಯರ ನೆನಪಿಗೆಂದು ಉಳಿಸಿಕೊಂಡ ಒಂದು ಅಂಕಣದ ಮಾಳಿಗೆ ಸೋರುತ್ತಿತ್ತು. ಸವಳು ಏರಿಸೋಣ ಎಂದು ಹುಡುಗರು ಹುರುಪಿನಿಂದ ಹೊರಟರು. ಹಿತ್ತಲ ಬಾಗಿಲು ತೆಗೆದರೆ ಕಣ್ಣು ಹಾಯುವವರೆಗೆ ಸವಳೇ ಇದೆ. ಟ್ರೇಲರ್ ತುಂಬಾ ತಂದು ಹರವಿದರು. ಮೊದಲ ಮಳೆಗೆ ಉಪ್ಪೆಲ್ಲ ಹರನಾಳಿಗೆಯಲ್ಲಿ ಇಳಿದು ಅಂಗಳದ ಮಲ್ಲಿಗೆ ಬಳ್ಳಿ ಸುಟ್ಟಿತು, ಮಾಳಿಗೆ ಮೊದಲಿಗಿಂತ ಹೆಚ್ಚು ಸೋರಿತು. ತಂದದ್ದು ಅಗಸರ ಸವಳು, ಮಾಳಿಗೆಯ ಸವಳಲ್ಲ. ಎರಡನ್ನೂ ಬೇರೆ ಮಾಡಿ ಹೇಳಲು ಊರಲ್ಲಿ ಯಾರನ್ನು ಕೇಳಬೇಕೋ ಅವರಿಗೆ ತಿಳಿಯಲಿಲ್ಲ. ತಾಡಪತ್ರಿ ಹೊದಿಸಿ, ನಾಲ್ಕು ಮೂಲೆಗೆ ಕಲ್ಲಿಟ್ಟು ಕೆಳಗಿಳಿದರು.

ನಾನು ಸವಳನ್ನು ಹೊಗಳುತ್ತಿಲ್ಲ. ಸೋರುವ ಮನೆಯಲ್ಲಿ ಬೆಳೆದವರಿಗೆ ಆರ್‌ಸಿಸಿ ಚಾವಣಿ ದೇವರೇ. ರೇಣುಕಾಸಾಗರದ ನೀರು ಹುಬ್ಬಳ್ಳಿ, ಧಾರವಾಡದ ನಲ್ಲಿಗಳಲ್ಲಿ ಬರುತ್ತದೆ. ಅದನ್ನು ಬೇಡ ಎನ್ನುವವನು ಬಾವಿಯಿಂದ ನೀರು ಹೊತ್ತಿರುವುದಿಲ್ಲ. ನನ್ನ ಸಂಕಟ ಬೇರೆ. ಸವಳು ತಗ್ಗಿನಲ್ಲಷ್ಟೇ ಇದ್ದಾಗ ಅದನ್ನು ಬಲ್ಲವರು ಮನೆಮನೆಗೆ ಇದ್ದರು. ಅದು ಊರೆಲ್ಲ ಹರಡುವ ಹೊತ್ತಿಗೆ ಬಲ್ಲವರು ಇಲ್ಲವಾದರು. ಬಾವಿಗಳ ರುಚಿ ಬೇರೆ ಮಾಡುವ ನಾಲಗೆ ಈಗ ಯಾರಿಗೂ ಬೇಕಿಲ್ಲ. ಬಸ್ ನಿಲ್ದಾಣದ ಪಕ್ಕದ ಶುದ್ಧ ನೀರಿನ ಘಟಕಕ್ಕೆ ನಾಣ್ಯ ಹಾಕಿದರೆ ಕ್ಯಾನ್ ತುಂಬುತ್ತದೆ. ಸೋಸಿ ಉಳಿದ ನೀರು ಮೊದಲಿಗಿಂತ ಹೆಚ್ಚು ಉಪ್ಪಾಗಿ ಹಿಂದಿನ ಗಟಾರಕ್ಕೆ ಹೋಗುತ್ತದೆ. ಸವಳ ನೀರಿಗೂ ಎಮ್ಮೆ ತೊಳೆಯುವ, ಗೋಡೆ ಕಲಸುವ ಒಂದು ಜಾಗವಿತ್ತಲ್ಲ, ಆ ಜಾಗ ಇದಕ್ಕಿಲ್ಲ.

ಕೆಲವು ಊರುಗಳಲ್ಲಿ ಈಗ ನೆಲದಡಿಯ ಬಸಿಗಾಲುವೆ ಹಾಕುತ್ತಿದ್ದಾರೆ. ಹೊಲದ ಕೆಳಗೆ ಆಳುದ್ದಕ್ಕೆ ತೂತಿನ ಕೊಳವೆ ಹೂತು, ಉಪ್ಪುನೀರನ್ನು ಬಸಿದು ಹಳ್ಳಕ್ಕೆ ಬಿಡುವುದು. ಕರ್ಲು ನೆಲವಾದರೆ ಅದರ ಜೊತೆಗೆ ಜಿಪ್ಸಂ ಬೆರೆಸಿ, ಸೆಣಬು ಬಿತ್ತಿ ಮಣ್ಣಿಗೇ ಉಳುವುದು. ಚೆನ್ನಾಗಿ ಮಾಡಿದ ಕಡೆ ಎರಡು ಮೂರು ಹಂಗಾಮಿಗೆ ಗೋಧಿ ಏಳುತ್ತದೆ, ನೋಡಿದ್ದೇನೆ. ಮಣ್ಣು ತುಂಬಿದ ತೊಟ್ಟಿಯ ಮೇಲೆ ನೀರು ಸುರಿದು ಅಡಿಯಿಂದ ಉಪ್ಪು ಬಸಿಯುತ್ತಿದ್ದ ಉಪ್ಪಾರರ ಕೈಚಳಕವೇ ಇದು, ಹೊಲದಷ್ಟು ದೊಡ್ಡದಾಗಿ. ಅವರು ಬಸಿದದ್ದನ್ನು ಮಾರಿ ಉಣ್ಣುತ್ತಿದ್ದರು. ಈಗ ನರಗುಂದ, ನವಲಗುಂದದ ಹೊಲಗಳಿಂದ ಬಸಿದದ್ದು ಬೆಣ್ಣೆಹಳ್ಳಕ್ಕೆ ಹೋಗುತ್ತದೆ, ಬೆಣ್ಣೆಹಳ್ಳದಿಂದ ಮತ್ತೆ ಮಲಪ್ರಭೆಗೆ. ಅಲ್ಲಿಂದ ಕೆಳಗೆ ಕೂಡಲಸಂಗಮದವರೆಗೆ ಹೊಳೆದಂಡೆಯ ಊರುಗಳಿವೆ, ಆ ಊರುಗಳಲ್ಲಿ ಬಾವಿಗಳಿವೆ.